ಖಾದರ್ ಸಾಹೇಬರ ಕಾರಿನಲ್ಲಿ ಒಂದು ಮಳೆಗಾಲ

ಮೊನ್ನೆ ಶಿವಮೊಗ್ಗದಲ್ಲಿ ಮೌಲ್ಯಮಾಪನದ ಕೆಲಸ ಮುಗಿಸಿ ಹೊರಡುವಾಗ ಸಹೋದ್ಯೋಗಿಯೊಬ್ಬರು ಬಸ್ ನಿಲ್ದಾಣದವರೆಗೆ ತಮ್ಮ ಕಾರಿನಲ್ಲಿ ಬಿಡುತ್ತೇನೆಂದರು. ಹಳೆಯ ಕಾರು. ಹಿಂದಿನ ಬಾಗಿಲು ತೆಗೆದ ಕೂಡಲೇ ಒದ್ದೆ ರಬ್ಬರ್ ಮ್ಯಾಟು, ಗ್ರೀಸು, ಅವುಗಳ ಮೇಲೆ ತೆಳ್ಳಗೆ ಯಾವುದೋ ಅತ್ತರು, ಎಲ್ಲ ಬೆರೆತ ವಾಸನೆ ಮೂಗಿಗೆ ಬಡಿಯಿತು. ಒಂದು ಕಾಲು ಒಳಗಿಟ್ಟವಳು ಹಾಗೇ ನಿಂತುಬಿಟ್ಟೆ. "ಹತ್ತಿ ಶೈಲಜಾ ಮೇಡಂ, ಮಳೆ ಬರ್ತಾ ಇದೆ" ಎಂದು ಅವರು ಎರಡು ಸಲ ಕರೆದ ಮೇಲೆ ಕೂತೆ. ನಿಲ್ದಾಣ ಬರುವವರೆಗೂ ಅವರೇನೋ ಮಾತಾಡುತ್ತಿದ್ದರು. ನನಗೆ ಕೇಳಿಸಿದ್ದು ಬೇರೊಂದು ಕಾರಿನ ವೈಪರ್ ಸದ್ದು.

ಆ ವರ್ಷ ನನಗೆ ನಲವತ್ತಮೂರು. ಶಿವಮೊಗ್ಗದ ಒಂದು ಖಾಸಗಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎನ್ನುವುದು ಹೆಸರಿಗೆ ಚೆಂದ. ಪ್ರತಿ ಜೂನ್‌ನಲ್ಲೂ ಈ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಫೋನು ನೋಡುತ್ತ ಕೂರಬೇಕು. ಡಾಕ್ಟರೇಟ್ ಇಲ್ಲದವರನ್ನು ಇನ್ನು ಹೆಚ್ಚು ದಿನ ಇಟ್ಟುಕೊಳ್ಳುವುದು ಕಷ್ಟ ಎಂದು ಪ್ರಿನ್ಸಿಪಾಲರು ಹಿಂದಿನ ವರ್ಷವೇ ಹೇಳಿದ್ದರು. ಹಾಗಾಗಿ ಪಿಎಚ್‌ಡಿಗೆ ಸೇರಿದ್ದೆ. ಮನೆ ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ. ಗಂಡ ರಮೇಶನಿಗೆ ಮಾಚೇನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಅತ್ತೆಗೆ ಲಕ್ವಾ ಹೊಡೆದು ಎರಡು ವರ್ಷವಾಗಿತ್ತು, ಎಡಭಾಗ ಪೂರ್ತಿ ಹೋಗಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಅವರ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ಅಡುಗೆ ಮುಗಿಸಿ ಎಂಟಕ್ಕೆ ಮನೆ ಬಿಟ್ಟರೆ ಸಂಜೆ ಬಂದು ಮತ್ತೆ ಅದೇ. ಆ ಕೆಲಸದಲ್ಲಿ ನನಗೆ ಬೇಸರವಿರಲಿಲ್ಲ ಎಂದರೆ ಸುಳ್ಳು. ಅತ್ತೆ ಒಳ್ಳೆಯವರು. ಆದರೂ ಬೇಸರವಿತ್ತು.

ಸಂಶೋಧನೆಯ ವಿಷಯ ನನ್ನದಲ್ಲ, ಮಾರ್ಗದರ್ಶಕರು ಕೊಟ್ಟಿದ್ದು: ಹಂಚಿಕೆಯ ಆರ್ಥಿಕತೆಯಲ್ಲಿ ಗ್ರಾಹಕರು ಯಾಕೆ ಪಾಲ್ಗೊಳ್ಳುತ್ತಾರೆ. ಹೊಸ ವಿಷಯ, ಬೇಗ ಮುಗಿಯುತ್ತದೆ ಎಂದಿದ್ದರು. ರಮೇಶನಿಗೆ ಒಂದು ರಾತ್ರಿ ಊಟಕ್ಕೆ ಬಡಿಸುತ್ತ ವಿವರಿಸಿದೆ. ಒಬ್ಬರ ಕಾರಿನಲ್ಲೋ ಮನೆಯಲ್ಲೋ ಜಾಗ ಖಾಲಿ ಇರುತ್ತದೆ, ಇನ್ನೊಬ್ಬರಿಗೆ ಅದು ಬೇಕಿರುತ್ತದೆ, ಮೊಬೈಲ್ ಇಬ್ಬರನ್ನೂ ಸೇರಿಸುತ್ತದೆ, ಹೀಗೆ. ಅವನು ತುತ್ತು ನುಂಗಿ ಹೇಳಿದ: "ನಮ್ಮಜ್ಜಿ ಪಕ್ಕದ ಮನೆಯಿಂದ ದೋಸೆ ಕಾವಲಿ ಇಸ್ಕೊಂಡು ಬರ್ತಿದ್ಲು. ಅದಕ್ಕೂ ಪಿಎಚ್‌ಡಿ ಕೊಡ್ತಾರೇನೆ?"

ಪ್ರಶ್ನಾವಳಿ ತುಂಬಲು ಜನ ಬೇಕಿತ್ತು. ಅದಕ್ಕೆಂದೇ ಕಾರಿನ ಸೀಟು ಹಂಚಿಕೊಳ್ಳುವ ಒಂದು ಆ್ಯಪನ್ನು ಫೋನಿಗೆ ಹಾಕಿಕೊಂಡೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬೆಳಿಗ್ಗೆ ಹೋಗುವ ಕಾರು ಎಂದು ಹುಡುಕಿದರೆ ಬಂದಿದ್ದು ಒಂದೇ ಹೆಸರು, ಖಾದರ್ ಸಾಹೇಬರದು. ಓಲ್ಡ್ ಟೌನ್‌ನಲ್ಲೇ, ನಮ್ಮ ಮನೆಯಿಂದ ಎರಡು ರಸ್ತೆ ಆಚೆ.

ಐವತ್ತೆಂಟರ ಆಸುಪಾಸಿನ ಮನುಷ್ಯ. ಶಿವಮೊಗ್ಗದಲ್ಲಿ ಲಾರಿ, ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸು. ಮೊದಲ ದಿನ ಕಾರು ನಿಲ್ಲಿಸಿ ತಾವೇ ಇಳಿದು ಬಂದು ಬಾಗಿಲು ತೆಗೆದರು. "ಬನ್ನಿ ಮೇಡಮ್ಮೋರೆ. ಹಿಂದೆ ಕೂತ್ಕೊಳ್ಳಿ, ಕಿಟಕಿ ಪಕ್ಕ. ಮುಂದಿನ ಸೀಟು ಸೆಲ್ವಿದು. ಅದೊಂದು ಕೇಳಬೇಡಿ, ಬಾಕಿ ಎಲ್ಲ ನಿಮ್ದೇ."

ಸೆಲ್ವಿ ಶಿವಮೊಗ್ಗದ ಒಬ್ಬ ಡಾಕ್ಟರ ಕ್ಲಿನಿಕ್ಕಿನಲ್ಲಿ ನರ್ಸು. ಇಪ್ಪತ್ತಾರರ ಹುಡುಗಿ, ಅವಳ ತಾತ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದು ಭದ್ರಾವತಿಯಲ್ಲಿ ನಿಂತವರು. ಹಿಂದೆ ನನ್ನ ಜೊತೆ ಕೂರುವವರು ವೆಂಕಟೇಶ ಭಟ್ಟರು. ಸರ್ಕಾರಿ ಕಚೇರಿಯೊಂದರ ಕಡತ ವಿಭಾಗದಲ್ಲಿ ಕೆಲಸ, ನಿವೃತ್ತಿಗೆ ಎರಡು ವರ್ಷ ಬಾಕಿ. ಮನೆಯಲ್ಲಿ ತಲೆಮಾರುಗಳ ಸಂಸ್ಕೃತ ಪಾಠ, ಅಣ್ಣ ದೇವಸ್ಥಾನದ ಅರ್ಚಕ. ಇವರ ಕಂಕುಳಲ್ಲಿ ಸದಾ ಒಂದು ಬಟ್ಟೆಯ ಚೀಲ, ಅದರಲ್ಲಿ ಊಟದ ಡಬ್ಬಿ, ಬೆಳಗಿನ ಪೂಜೆಯ ಕಲ್ಲುಸಕ್ಕರೆಯ ಪೊಟ್ಟಣ, ಕನ್ನಡಕದ ಪೆಟ್ಟಿಗೆ.

ಭಟ್ಟರಿಗೂ ಸಾಹೇಬರಿಗೂ ಹಾದಿಯುದ್ದಕ್ಕೂ ಒಂದೇ ಜಗಳ, ಯಾವ ಪದ ಯಾರದು, ಉರ್ದುವಿನದೋ ಕನ್ನಡದ್ದೋ ಎಂದು. ಕುರ್ಚಿ, ಕಾಗದ, ದವಾಖಾನೆ, ತಕರಾರು, ಒಂದೊಂದು ದಿನಕ್ಕೊಂದು.

"ಜವಾಬ್ದಾರಿ ನಮ್ದು ಭಟ್ರೇ, ಅದನ್ನ ಬಿಟ್ಟುಕೊಡಲ್ಲ" ಎಂದರು ಸಾಹೇಬರು ಒಂದು ದಿನ, ಸ್ಟೀರಿಂಗ್ ತಟ್ಟುತ್ತ.

"ಇಟ್ಕೊಳಿ ಮಾರಾಯ್ರೇ. ಹೊಣೆ ಅಂತ ಒಂದಿದೆ ನಮ್ಮ ಹತ್ರ. ಚಿಕ್ಕದು, ಆದ್ರೂ ಭಾರ ಅಷ್ಟೇ ಇದೆ."

ಮಾಚೇನಹಳ್ಳಿ ಹತ್ತಿರ ಬಂದಾಗ ಸೆಲ್ವಿ ದಿನಾಲೂ ಬಿಸ್ಕೆಟ್ ಪ್ಯಾಕೆಟ್ ಒಡೆಯುತ್ತಿದ್ದಳು. ಮೊದಲ ಎರಡು ಸಾಹೇಬರಿಗೆ, ಆಮೇಲೆ ನಮಗೆ. ಅವರು ಬೇಡವೆಂದರೆ ಗದರಿಸುತ್ತಿದ್ದಳು. ಮಗಳಂತೆ ಎಷ್ಟು ಅಕ್ಕರೆ ಎಂದುಕೊಂಡಿದ್ದೆ.

ಜೂನ್ ಮೂರನೇ ವಾರ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಮೂವರಿಗೂ ಪ್ರಶ್ನಾವಳಿ ಹಂಚಿದೆ. ನೀವು ಯಾಕೆ ಹಂಚಿಕೊಳ್ಳುತ್ತೀರಿ? ಉಳಿತಾಯ, ಅನುಕೂಲ, ಪರಿಸರ ಕಾಳಜಿ, ಹೊಸಬರ ಪರಿಚಯ, ಇತರೆ. ಒಂದಕ್ಕೆ ಗುರುತು ಹಾಕಬೇಕು. ಸೆಲ್ವಿ ಉಳಿತಾಯಕ್ಕೆ ಹಾಕಿದಳು, ಭಟ್ಟರು ಅನುಕೂಲಕ್ಕೆ. ಸಾಹೇಬರು ಅಂಗಡಿಗೆ ಒಯ್ದು ಮರುದಿನ ತಂದುಕೊಟ್ಟರು. ಪರಿಸರ ಕಾಳಜಿ. ಕೆಳಗೆ ಖಾಲಿ ಜಾಗದಲ್ಲಿ ದುಂಡಗೆ ಬರೆದಿದ್ದರು: ನಾಲ್ಕು ಜನ ಒಂದು ಗಾಡಿಯಲ್ಲಿ ಹೋದರೆ ಮೂರು ಗಾಡಿಯ ಹೊಗೆ ಉಳಿಯುತ್ತದೆ. ಮಾರ್ಗದರ್ಶಕರು ಅದನ್ನು ಓದಿ ಬಹಳ ಖುಷಿಪಟ್ಟು, ಇದನ್ನು ಪ್ರಬಂಧದಲ್ಲಿ ಉದ್ಧರಿಸಿ ಎಂದರು.

ನಾನು ಯಾಕೆ ಹೋಗುತ್ತಿದ್ದೆ? ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟೇ ಇಲ್ಲ. "ಪುಕ್ಕಟೆ ಬಸ್ಸು ಬಿಟ್ಟು ದುಡ್ಡು ಕೊಟ್ಟು ಹೋಗ್ತೀಯಲ್ಲ, ನಿನ್ನ ಫಾರಂ ತುಂಬೋ ಕೆಲಸ ಮುಗೀತಲ್ಲ?" ಎಂದು ರಮೇಶ ಕೇಳಿದಾಗ ಇನ್ನೂ ಜನ ಬೇಕು ಎಂದು ಸುಳ್ಳು ಹೇಳಿದೆ. ನಿಜ ಇಷ್ಟೇ. ಆ ನಲವತ್ತು ನಿಮಿಷ ಯಾರೂ ನನ್ನಿಂದ ಏನನ್ನೂ ಕೇಳುತ್ತಿರಲಿಲ್ಲ. ನೀರು ಕೊಡು, ಹೊರಳಿಸು, ನೋಟ್ಸ್ ಕೊಡಿ, ಅಧ್ಯಾಯ ಕಳಿಸಿ, ಯಾವುದೂ ಇಲ್ಲ. ಕಿಟಕಿಗೆ ತಲೆಯಾನಿಸಿ ಗಾಜಿನ ಮೇಲೆ ಇಳಿಯುವ ನೀರು ನೋಡುತ್ತ, ಸಾಹೇಬರೂ ಭಟ್ಟರೂ ಪದಗಳಿಗಾಗಿ ಕಚ್ಚಾಡುವುದನ್ನು ಕೇಳುತ್ತ ಕೂತಿದ್ದರೆ ಸಾಕಿತ್ತು. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಜುಲೈನಲ್ಲಿ ಭದ್ರೆ ತುಂಬಿದಳು. ಸೇತುವೆಗೆ ನೀರು ಬಂದ ವಾರ ಊರು ಸುತ್ತಿ ಹೋಗಬೇಕಾಗಿ ಎಲ್ಲರೂ ಹೊತ್ತಿಗೆ ಮುಂಚೆ ಹೊರಡುತ್ತಿದ್ದೆವು. ಅಂಥ ಒಂದು ಸೋಮವಾರ ಸೆಲ್ವಿ ರಜೆ. ಅಕ್ಕನ ಸೀಮಂತ ಎಂದಿದ್ದಳು. ಸಾಹೇಬರು ಕಾರು ನಿಲ್ಲಿಸಿದವರು ನನ್ನನ್ನೂ ಭಟ್ಟರನ್ನೂ ಒಂದು ಗಳಿಗೆ ನೋಡಿ, "ಮೇಡಂ, ಇವತ್ತು ನೀವು ಮುಂದೆ ಬನ್ನಿ" ಎಂದರು. ಬಂದು ಕೂತೆ. ಭಟ್ಟರು ಹಿಂದಿನಿಂದ 'ಖಾತೆ' ಎಂಬ ಪದ ಎತ್ತಿಕೊಂಡರು. ಸಾಹೇಬರಿಂದ ಉತ್ತರ ಬರಲಿಲ್ಲ.

ಮಾಚೇನಹಳ್ಳಿಗೆ ಸ್ವಲ್ಪ ಮುಂಚೆ ಕಾರು ನಿಧಾನವಾಗಿ ಬಲಕ್ಕೆ ಜರುಗತೊಡಗಿತು. ಗುಂಡಿ ತಪ್ಪಿಸುತ್ತಿದ್ದಾರೆ ಅಂದುಕೊಂಡೆ. ಆದರೆ ಅದು ಜರುಗುತ್ತಲೇ ಇತ್ತು. ತಿರುಗಿ ನೋಡಿದರೆ ಅವರ ಹಣೆ, ಕತ್ತು ಬೆವರಿನಿಂದ ತೊಯ್ದಿತ್ತು. ಆ ಚಳಿಯಲ್ಲಿ. ಕಣ್ಣು ತೆರೆದೇ ಇತ್ತು, ರಸ್ತೆಯನ್ನು ನೋಡುತ್ತಿರಲಿಲ್ಲ.

"ಸಾಹೇಬ್ರೇ, ಲಾರಿ. ಸಾಹೇಬ್ರೇ!"

ಅವರು ಏನೋ ಅಂದರು, ನಾಲಿಗೆ ಹೊರಳಲಿಲ್ಲ. ಎದುರಿನ ಲಾರಿಯವನು ಹಾರನ್ ಒತ್ತಿ ಹಿಡಿದಿದ್ದ. ನನಗೆ ಡ್ರೈವಿಂಗ್ ಬರುವುದಿಲ್ಲ. ಸ್ಟೀರಿಂಗನ್ನು ಎರಡು ಕೈಯಲ್ಲಿ ಹಿಡಿದು ನನ್ನ ಕಡೆಗೆ ಎಳೆದೆ, ಆಮೇಲೆ ಹ್ಯಾಂಡ್‌ಬ್ರೇಕ್ ಎತ್ತಿದೆ. ಕಾರು ಗಿರಕಿ ಹೊಡೆದಂತೆ ತಿರುಗಿ ಎಡಗಡೆಯ ಚರಂಡಿಯ ಮಣ್ಣಿಗೆ ಮೂತಿ ಹೂತು ನಿಂತಿತು. ಲಾರಿ ನೀರು ಎರಚಿಕೊಂಡು ಪಕ್ಕದಲ್ಲೇ ಹಾದುಹೋಯಿತು. ಅದು ಎಷ್ಟು ಹತ್ತಿರ ಹಾದುಹೋಯಿತೆಂದು ನಾನು ಈವರೆಗೂ ಮನೆಯಲ್ಲಿ ಹೇಳಿಲ್ಲ.

ಭಟ್ಟರ ಹಣೆ ಮುಂದಿನ ಸೀಟಿಗೆ ಬಡಿದು ಕನ್ನಡಕ ಎರಡು ತುಂಡಾಗಿತ್ತು. ಹಾರ್ಟ್ ಅಟ್ಯಾಕ್ ಇರಬೇಕು ಎಂದರು ಅವರು. ನನಗೆ ತೋಚಿದ್ದು ಸೆಲ್ವಿ. ಯಾವ ಆಸ್ಪತ್ರೆಗೆ ಒಯ್ಯುವುದೆಂದು ಕೇಳಲು ಫೋನ್ ಮಾಡಿದೆ. ಬೆವರು, ಮಾತು ತೊದಲುತ್ತಿದೆ ಎಂದು ಹೇಳಿ ಮುಗಿಸುವುದರೊಳಗೆ ಅವಳು ಕೂಗಿದಳು: "ಅಕ್ಕಾ, ಶುಗರ್ ಇಳಿದಿದೆ! ನುಂಗ್ತಾರಾ ನೋಡಿ. ನುಂಗೋದಾದ್ರೆ ಸಕ್ಕರೆ ಕೊಡಿ ಮೊದ್ಲು. ಮುಂದಿನ ಡ್ರಾದಲ್ಲಿ ಗ್ಲೂಕೋಸ್ ಪುಡಿ ಇದೆ. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು ತಿಂಡಿ ಸರಿಯಾಗಿ ತಿಂದಿರಲ್ಲ ಅವ್ರು."

ಡ್ರಾದಲ್ಲಿದ್ದ ಪ್ಯಾಕೆಟ್ ತೇವಕ್ಕೆ ಗಟ್ಟಿಯಾಗಿ ಕಲ್ಲಾಗಿತ್ತು. ಭಟ್ಟರು ಚೀಲ ತಡಕಿ ಕಲ್ಲುಸಕ್ಕರೆಯ ಪೊಟ್ಟಣ ತೆಗೆದರು. ನೀರಿನ ಬಾಟಲಿಯ ಮುಚ್ಚಳದಲ್ಲಿ ಅದನ್ನು ಅರೆದು, ಕಲಸಿ, ಸಾಹೇಬರ ಗಲ್ಲ ಹಿಡಿದು ಗುಟುಕು ಗುಟುಕಾಗಿ ಕುಡಿಸಿದರು. "ನುಂಗಿ, ಹಾಂ, ಇನ್ನೊಂದು, ನುಂಗಿ" ಎನ್ನುತ್ತಿದ್ದರು. ಅವರ ಹುಬ್ಬಿನಿಂದ ರಕ್ತ ಸಾಹೇಬರ ಬಿಳಿ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು.

ಕಾಲು ಗಂಟೆಯಲ್ಲಿ ಸಾಹೇಬರಿಗೆ ಪ್ರಜ್ಞೆ ಮರಳಿತು. ಮೊದಲು ನನ್ನನ್ನು ನೋಡಿದರು, ಆಮೇಲೆ ಚರಂಡಿಯನ್ನು. "ಯಾರಿಗೇನೂ ಆಗಿಲ್ವಲ್ಲ?" ಎಂದರು. ನಮ್ಮ ಮುಖ ನೋಡಿ, ನಮಗೆ ಎಲ್ಲ ತಿಳಿದುಹೋಯಿತೆಂದು ಅವರಿಗೆ ಗೊತ್ತಾಯಿತು.

ಹತ್ತಿರದ ವರ್ಕ್‌ಶಾಪಿನವರು ಬಂದು ಕಾರು ಎಳೆದು ಮೇಲೆ ಹಾಕಿದರು. ಎದುರಿನ ಚಹಾ ಅಂಗಡಿಯ ತಗಡಿನ ಕೆಳಗೆ ಮೂವರೂ ಕೂತೆವು. ಭಟ್ಟರು ಕರವಸ್ತ್ರ ಹಣೆಗೆ ಒತ್ತಿ ಹಿಡಿದಿದ್ದರು.

"ಎಷ್ಟು ದಿನದಿಂದ ಇದು?" ಎಂದು ಸಾಹೇಬರನ್ನು ಕೇಳಿದೆ.

"ಒಂದು ವರ್ಷ ಆಯ್ತು. ಡಾಕ್ಟ್ರು ಗಾಡಿ ಓಡಿಸಬೇಡಿ ಅಂದಿದ್ರು. ನನ್ನ ಹೆಂಡ್ತಿ ಜಮೀಲಾ, ಒಬ್ರೇ ಹೋಗೋದಾದ್ರೆ ಕೀ ಕೊಡಲ್ಲ ಅಂದ್ಲು. ಜೊತೆಗೆ ಜನ ಇದ್ರೆ ಹೋಗಿ ಅಂದ್ಲು. ಅದಕ್ಕೇ ಆ್ಯಪು." ತಲೆ ಎತ್ತಲಿಲ್ಲ. "ಸೆಲ್ವಿಗೆ ಗೊತ್ತಿತ್ತು. ಕ್ಲಿನಿಕ್ಕಲ್ಲಿ ರಕ್ತ ತೆಗೆದಿದ್ದು ಅವಳೇ. ಅವಳಿಂದ ದುಡ್ಡು ತಗೊಳ್ತಿರ್ಲಿಲ್ಲ ನಾನು. ಮುಂದೆ ಕೂತು ನೋಡ್ಕೋ ಬೇಟಿ ಅಂದಿದ್ದೆ. ಅವಳನ್ನ ಬಯ್ಯಬೇಡಿ."

ಭಟ್ಟರು ಕರವಸ್ತ್ರವನ್ನು ಹಣೆಯಿಂದ ತೆಗೆದು ಮಡಚಿದರು. ಅವರಿಗೆ ಪೆಟ್ಟಾಗಿದ್ದು ಹಣೆಗಲ್ಲ ಎಂದು ನನಗೆ ಆಗ ಅರ್ಥವಾಯಿತು.

"ಮೂವತ್ತು ವರ್ಷದಿಂದ ಕಡತದ ಮಧ್ಯ ಕೂತಿದ್ದೀನಿ. ಯಾರ ಜೊತೆನೂ ನಾಲ್ಕು ಮಾತು ಹೆಚ್ಚಿಗೆ ಆಡ್ದೋನಲ್ಲ. ಬೆಳಿಗ್ಗೆ ಎದ್ರೆ ಇವತ್ತು ಖಾದರ್‌ಗೆ ಯಾವ ಪದ ಕೇಳ್ಲಿ ಅಂತ ಯೋಚ್ನೆ ಮಾಡ್ತಿದ್ದೆ. ನೀವು ನಮ್ಮನ್ನ ಕೂರಿಸ್ಕೊಂಡಿದ್ದು ಕಾವಲಿಗೆ." ಎದ್ದು ನಿಂತರು. "ಜವಾಬ್ದಾರಿ ನಮ್ದು ಅಂದ್ರಲ್ಲ ಅವತ್ತು. ನೀವೇ ಇಟ್ಕೊಳಿ."

ಆ ಮಳೆಯಲ್ಲೇ ರಸ್ತೆಗೆ ಹೋಗಿ, ಮೊದಲು ಬಂದ ಬಸ್ಸು ಹತ್ತಿದರು.

ಆ್ಯಪಿನವರಿಗೆ ದೂರು ಕೊಟ್ಟು ಇವರ ಹೆಸರು ತೆಗೆಸಬೇಕು, ನೀವೂ ಸಹಿ ಹಾಕಿ ಎಂದು ಭಟ್ಟರು ಅಂದು ಸಂಜೆಯೇ ಫೋನ್ ಮಾಡಿದರು. ಎರಡು ದಿನ ಕೊಡಿ ಎಂದೆ. ಮಾರನೆಯ ದಿನ ಕಾಲೇಜಿನಿಂದ ನೇರ ಸಾಹೇಬರ ಮನೆಗೆ ಹೋದೆ. ಅವರ ಹೆಂಡತಿ ಜಮೀಲಾ ನನ್ನ ಎರಡೂ ಕೈ ಹಿಡಿದುಕೊಂಡರು, ಬಿಡಲೇ ಇಲ್ಲ. ಸಾಹೇಬರು ಗೋಡೆಗೊರಗಿ ಕೂತಿದ್ದರು. ಒಂದೇ ದಿನಕ್ಕೆ ಮುದುಕರಾದಂತಿತ್ತು.

"ಇನ್ನು ಓಡಿಸಲ್ಲ ಅಂತ ಮಾತು ಕೊಡಿ. ದೂರು ಬೇಡ ಅಂತ ಭಟ್ಟರಿಗೆ ನಾನು ಹೇಳ್ತೀನಿ" ಎಂದೆ.

"ಕೊಟ್ಟೆ ಮೇಡಂ."

ಭಟ್ಟರು ಒಪ್ಪಲು ಒಂದು ವಾರ ಹಿಡಿಯಿತು. ನಿಮ್ಮ ಮಾತಿನ ಮೇಲೆ ಬಿಡ್ತಿದ್ದೀನಿ ಎಂದರು. ಸೆಲ್ವಿ ನನಗೆ ಮುಖ ತೋರಿಸಲಾರದೆ ರೈಲಿನಲ್ಲಿ ಹೋಗತೊಡಗಿದಳು. ನಾನು ಬಸ್ಸಿಗೆ ಮರಳಿದೆ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಮೇಲಿನ ಸರಳು, ಹೆಗಲಲ್ಲಿ ಚೀಲ, ಪಕ್ಕದವರ ಒದ್ದೆ ಬಟ್ಟೆ ಮೈಗೆ ಅಂಟಿಕೊಂಡು. ಇಳಿಯುವಾಗ ಮಂಡಿ ಮಡಚಲು ಬರುತ್ತಿರಲಿಲ್ಲ. ಪಾಠ ಮಾಡುತ್ತ ಮೇಜಿಗೆ ಒರಗಿಕೊಂಡು ನಿಂತರೆ ಹುಡುಗರು ನಗುತ್ತಿದ್ದರು. ಅತ್ತೆಗೆ ಅದೇ ಹೊತ್ತಿಗೆ ಬೆನ್ನಿನ ಹುಣ್ಣು ಶುರುವಾಗಿತ್ತು. ಬೆಳಿಗ್ಗೆ ಎದ್ದಾಗಲೇ ಸಂಜೆಯ ಆಯಾಸ ಮೈಯಲ್ಲಿರುತ್ತಿತ್ತು. ಒಂದೆರಡು ಸಲ ನಾಚಿಕೆಯಿಲ್ಲದೆ ಯೋಚಿಸಿದ್ದೂ ಉಂಟು: ದಿನಾ ಬಿಸ್ಕೆಟ್ ಕೊಡುವ ಕೆಲಸ ನಾನೇ ಮಾಡಿದರೆ ಆ ಸೀಟು ನನಗೆ ಸಿಗುವುದಿಲ್ಲವೇ ಎಂದು.

ಆಗಸ್ಟ್ ಮೊದಲ ವಾರ. ಓಲ್ಡ್ ಟೌನ್ ಬಸ್‌ಸ್ಟಾಪಿನಲ್ಲಿ ನಿಂತಿದ್ದೆ. ಹನಿ ಬೀಳುತ್ತಿತ್ತು. ಗುಂಡಿಗಳಿಂದಾಗಿ ಗಾಡಿಗಳು ಒಂದರ ಹಿಂದೆ ಒಂದು ತೆವಳಿಕೊಂಡು ಬರುತ್ತಿದ್ದವು. ಆ ಸಾಲಿನಲ್ಲಿ ಸಾಹೇಬರ ಕಾರು. ಮೂತಿಯ ತಗ್ಗನ್ನು ತಟ್ಟಿ ಸರಿಮಾಡಿಸಿದ್ದರು, ಬಣ್ಣ ಇನ್ನೂ ಹೊಂದಿಕೊಂಡಿರಲಿಲ್ಲ. ಒಳಗೆ ಇಬ್ಬರು ಹುಡುಗಿಯರು. ಹಿಂದೆ ಕೂತವಳ ಪರಿಚಯವಿರಲಿಲ್ಲ. ಮುಂದಿನ ಸೀಟಿನಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಫೋನ್ ನೋಡುತ್ತಿದ್ದವಳು ನಮ್ಮ ಎರಡನೇ ಬಿ.ಕಾಂ.ನ ಅರ್ಪಿತಾ.

ನಾನು ಏನು ಮಾಡುತ್ತೇನೆಂದು ನನಗೇ ತಿಳಿಯುವ ಮುಂಚೆ ರಸ್ತೆಗಿಳಿದು ಕಾರಿನ ಮುಂದೆ ಕೊಡೆ ಹಿಡಿದು ನಿಂತುಬಿಟ್ಟಿದ್ದೆ. ಹಿಂದಿನ ಆಟೋದವನು ಬಯ್ಯತೊಡಗಿದ. ಸಾಹೇಬರು ಕಿಟಕಿ ಇಳಿಸಿದರು.

"ಮೇಡಂ, ಸರೀರಿ. ಟ್ರಾಫಿಕ್ ಜಾಮ್ ಆಗ್ತದೆ."

"ಮಾತು ಕೊಟ್ಟಿದ್ರಿ."

"ತಿಂಡಿ ತಿಂದು ಬಂದಿದ್ದೀನಿ. ಚೆಕ್ ಮಾಡ್ಕೊಂಡು ಬಂದಿದ್ದೀನಿ. ನಿಮ್ಮಾಣೆ."

"ಈ ಮಕ್ಕಳಿಗೆ ಹೇಳಿದ್ದೀರಾ?"

ಅವರು ಕಣ್ಣನ್ನು ವೈಪರಿನ ಕಡೆ ತಿರುಗಿಸಿದರು. ನಾನು ಆ ಕಡೆ ಹೋಗಿ ಬಾಗಿಲು ತೆಗೆದೆ. "ಅರ್ಪಿತಾ, ಇಳಿ. ನೀನೂ ಇಳಿಯಮ್ಮ. ಬಸ್ಸಲ್ಲಿ ಹೋಗಣ."

"ಯಾಕೆ ಮಿಸ್? ಬುಕ್ ಮಾಡಿದ್ದೀವಲ್ಲ, ಏನಾಯ್ತು?"

ಆ ರಸ್ತೆಯಲ್ಲಿ ಅರ್ಧ ಊರಿಗೆ ಸಾಹೇಬರ ಪರಿಚಯ. ಅಂಗಡಿಗಳವರು ಹೊರಗೆ ಬಂದು ನೋಡುತ್ತಿದ್ದರು. ಹೇಳದೆ ಅವರು ಇಳಿಯುತ್ತಿರಲಿಲ್ಲ. ಹೇಳಿದೆ. ಸಾಹೇಬರಿಗೆ ಕಾಯಿಲೆ ಇದೆ, ಗಾಡಿ ಓಡಿಸುವಾಗ ಎಚ್ಚರ ತಪ್ಪುತ್ತದೆ, ಕಳೆದ ತಿಂಗಳು ನಮ್ಮನ್ನೆಲ್ಲ ಲಾರಿ ಕೆಳಗೆ ಒಯ್ದಿದ್ದರು ಎಂದು. ನನ್ನ ದನಿ ಏರಿತ್ತು. ಹುಡುಗಿಯರು ಗಾಬರಿಯಾಗಿ ಇಳಿದರು.

ಸಾಹೇಬರು ಕಾರನ್ನು ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿದರು. ನಾನು ಹತ್ತಿರ ಹೋದೆ. ಬಯ್ಯುತ್ತಾರೆಂದುಕೊಂಡಿದ್ದೆ.

"ಮನೆಗೆ ಬಂದು ಬೈದಿದ್ರೆ ಆಗ್ತಿತ್ತು ಮೇಡಂ" ಎಂದರು ಮೆಲ್ಲಗೆ. ವೈಪರ್ ಅರ್ಧ ಗಾಜಿನಲ್ಲಿ ನಿಂತಿತ್ತು. "ಈ ಗಾಡಿ ಬಿಟ್ರೆ ನಾನು ಪೇಷಂಟ್. ಮನೇಲಿ ಪೇಷಂಟ್, ಅಂಗಡೀಲಿ ಪೇಷಂಟ್, ಎಲ್ರೂ ಕೂತ್ಕೊಳಿ ಕೂತ್ಕೊಳಿ ಅಂತಾರೆ. ಇದರಲ್ಲಿ ಕೂತಾಗ ಮಾತ್ರ ನಾನು ನಾಲ್ಕು ಜನನ ಕರ್ಕೊಂಡು ಹೋಗೋನು. ನಿಮ್ಮನ್ನೆಲ್ಲ ಇಳಿಸಿ ಅಂಗಡಿಗೆ ಹೋಗ್ತಿದ್ನಲ್ಲ, ಆಗ ಏನೋ ಒಂದು ಕೆಲಸ ಮಾಡ್ದೋನ ಥರ ಅನಿಸ್ತಿತ್ತು. ಪರಿಸರ ಗಿರಿಸರ ಏನಿಲ್ಲ."

ಅವರು ಇಳಿದು, ಬಾಗಿಲು ಲಾಕ್ ಮಾಡಿ, ಎರಡು ಸಲ ಎಳೆದು ನೋಡಿ, ಆ ಮಳೆಯಲ್ಲಿ ಕೊಡೆಯಿಲ್ಲದೆ ಮನೆಯ ಕಡೆಗೆ ನಡೆದುಹೋದರು. ನೋಡುತ್ತಿದ್ದ ಅಂಗಡಿಯವರಲ್ಲಿ ಒಬ್ಬರು ಸಲಾಂ ಎಂದರು. ಅವರು ತಿರುಗಲಿಲ್ಲ.

ಅಂದು ರಾತ್ರಿ ನಾನೇ ದೂರು ಬರೆದು ಆ್ಯಪಿಗೆ ಕಳಿಸಿದೆ. ಭಟ್ಟರಿಗೆ ತಿಳಿಸಲು ಫೋನ್ ಮಾಡಿದರೆ ಅವರು, "ಹೂಂ. ಆಗ್ಲಿ ಬಿಡಿ. ಆಗ್ಬೇಕಿತ್ತು" ಎಂದು ಇಟ್ಟುಬಿಟ್ಟರು. ಗೆದ್ದ ದನಿಯಲ್ಲ. ವಾರದ ನಂತರ ಜಮೀಲಾ ಸಿಕ್ಕಿದರು. "ನೀವು ಮಾಡಿದ್ದು ಸರಿ ಬೆಹೆನ್. ಅವರು ಮಾತ್ರ ಯಾರ ಜೊತೆನೂ ಮಾತಾಡ್ತಿಲ್ಲ. ಅಂಗಡಿಗೂ ಹೋಗ್ತಿಲ್ಲ" ಎಂದರು. ಸರಿ ಎಂದರೂ ಅವರು ಈ ಸಲ ನನ್ನ ಕೈ ಹಿಡಿಯಲಿಲ್ಲ. ಕಾರು ಮಾರಿದರು. ಯಾರೋ ಹೊಸನಗರದ ಕಡೆಯವರು ಬಂದು ಒಯ್ದರಂತೆ.

ಮಾರ್ಗದರ್ಶಕರ ಬಳಿ ಹೋಗಿ, ಆ ಕಾರಿನ ಮೂರೂ ಫಾರಂಗಳು ಸುಳ್ಳು ಎಂದೆ. ಒಬ್ಬರು ಕಾವಲು ಬೇಕೆಂದು ಹಂಚಿಕೊಂಡರು, ಒಬ್ಬಳು ಕಾವಲು ಕಾಯಲು, ಒಬ್ಬರು ಮಾತಿಗಾಗಿ. ಇದಕ್ಕೆ ನನ್ನ ಪ್ರಶ್ನಾವಳಿಯಲ್ಲಿ ಜಾಗವಿಲ್ಲ, ಬದಲಿಸಬೇಕು ಎಂದೆ. ಅವರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ಅವರಿಗೂ ದಣಿವಾಗಿತ್ತು, ಇನ್ನೂ ಏಳು ಜನ ಹೊರಗೆ ಕಾಯುತ್ತಿದ್ದರು. "ಶೈಲಜಾ, ಈಗ ಬದಲಿಸಿದ್ರೆ ಇನ್ನೂ ಎರಡು ವರ್ಷ. ಆ ಮೂರು ತೆಗೆದುಬಿಡಿ, ಮುಗೀತು." ತೆಗೆದೆ. ಪ್ರಬಂಧ ಮುಗಿಯಿತು, ಡಾಕ್ಟರೇಟ್ ಬಂತು, ಕೆಲಸ ಉಳಿಯಿತು. ಜನ ಉಳಿತಾಯಕ್ಕಾಗಿ, ಅನುಕೂಲಕ್ಕಾಗಿ ಹಂಚಿಕೊಳ್ಳುತ್ತಾರೆ ಎಂದು ಅದರಲ್ಲಿದೆ. ಸುಳ್ಳೇನಲ್ಲ. ಕೇಳಿದ್ದಕ್ಕೆ ಅಷ್ಟೇ ಉತ್ತರ ಬಂದಿತ್ತು.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಬಸ್ಸಿನ ಹಿಂದಿನ ಬಾಗಿಲಿನಿಂದ ಸಾಹೇಬರು ಹತ್ತಿದ್ದನ್ನು ಕಂಡೆ. ಅಂಗಿ ಅದೇ ಬಿಳಿ, ಕಾಲರಿನೊಳಗೆ ಕತ್ತು ಸಣ್ಣದಾಗಿತ್ತು. ನನ್ನನ್ನು ನೋಡಿ ಕಿಟಕಿಯ ಕಡೆ ತಿರುಗಿದರು. ಅವತ್ತಿನಿಂದ ಹೆಚ್ಚು ಕಡಿಮೆ ದಿನಾ ಅದೇ ಬಸ್ಸು. ಅವರು ಹಿಂದೆ, ನಾನು ಮುಂದೆ. ಒಂದು ದಿನ ಭಟ್ಟರೂ ಅದರಲ್ಲಿ ಹತ್ತಿದರು. ನಾನು ತಿರುಗಿ ನೋಡಿದೆ. ಸಾಹೇಬರ ಪಕ್ಕದ ಸೀಟು ಖಾಲಿಯಿತ್ತು. ಭಟ್ಟರು ಅದನ್ನು ನೋಡಿ, ದಾಟಿ ಮುಂದೆ ಬಂದು ನಿಂತುಕೊಂಡರು. ಶಿವಮೊಗ್ಗದವರೆಗೂ ನಿಂತೇ ಬಂದರು. ಇಳಿಯುವಾಗ ಮಾತ್ರ ಬಾಗಿಲ ಬಳಿ ತಡೆದು, ಹಿಂದಿನಿಂದ ಬರುತ್ತಿದ್ದ ಸಾಹೇಬರನ್ನು ಮೊದಲು ಇಳಿಯಲು ಬಿಟ್ಟರು.

ದಸರಾ ರಜೆಗೆ ಎರಡು ದಿನ ಮುಂಚೆ ಇರಬೇಕು, ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ಹಿಂದಿನ ಬಾಗಿಲಿನಿಂದ ಹತ್ತಿದೆ. ಆಂತರಿಕ ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು ಚೀಲದಲ್ಲಿತ್ತು, ಹೆಗಲು ಕಿತ್ತು ಬರುತ್ತಿತ್ತು. ಹಿಂದಿನ ರಾತ್ರಿ ಅತ್ತೆಗೆ ಜ್ವರ, ಕಣ್ಣು ಮುಚ್ಚಿರಲಿಲ್ಲ. ಜನ ತಳ್ಳಿದ ಕಡೆ ತೇಲಿಕೊಂಡು ಹೋಗಿ ಒಂದು ಸೀಟಿನ ಹಿಡಿಕೆ ಹಿಡಿದು ನಿಂತೆ. ಕೂತಿದ್ದವರು ಸಾಹೇಬರು. ಇಬ್ಬರಿಗೂ ಬೇರೆ ಕಡೆ ತಿರುಗಲು ಜಾಗವಿರಲಿಲ್ಲ.

ಸ್ವಲ್ಪ ದೂರ ಹಾಗೇ ಹೋದೆವು. ಬಸ್ಸು ಗುಂಡಿಗೆ ಇಳಿದಾಗ ನನ್ನ ಚೀಲ ಅವರ ಭುಜಕ್ಕೆ ಬಡಿಯಿತು.

"ಸಾರಿ" ಎಂದೆ.

ಅವರು ಎದ್ದು ಸೀಟು ಕೊಡಲು ನೋಡಿದರು. ಬೇಡ ಬೇಡ ಎಂದು ತಲೆಯಾಡಿಸಿದೆ. ಮತ್ತೆ ಕೂತರು. ಒಂದು ಗಳಿಗೆ ತಮ್ಮ ಅಂಗೈಗಳನ್ನು ನೋಡಿಕೊಂಡರು, ಆಮೇಲೆ ಎರಡೂ ಕೈ ಮುಂದೆ ಚಾಚಿದರು.

"ಬ್ಯಾಗ್ ಕೊಡಿ ಇಲ್ಲಿ ಮೇಡಂ."

"ತುಂಬ ಭಾರ ಇದೆ ಸಾಹೇಬ್ರೇ."

"ಇರ್ಲಿ ಕೊಡಿ" ಎಂದು ಅದನ್ನು ನನ್ನ ಹೆಗಲಿನಿಂದ ತಾವೇ ಇಳಿಸಿಕೊಂಡು ತೊಡೆಯ ಮೇಲಿಟ್ಟುಕೊಂಡರು. "ನಾನು ಕೂತಿದ್ದೀನಲ್ಲ."